ಮಂಡ್ಯ ಜಿಲ್ಲಾಧಿಕಾರಿಗಳಿಗೆ: ನಾಲೆಯ ನಕ್ಷೆ ಬೀರುವಿನಿಂದ ಹೊರಗೆ ಬರಲಿ

ಮಾನ್ಯ ಜಿಲ್ಲಾಧಿಕಾರಿಗಳೇ,

ನಮಸ್ಕಾರ. ವಿಶ್ವೇಶ್ವರಯ್ಯ ನಾಲೆಯ ಪಕ್ಕದ ರಸ್ತೆಗಳಲ್ಲಿ ತಡೆಗೋಡೆ ಎಲ್ಲಿಂದ ಎಲ್ಲಿವರೆಗೆ ಇದೆ? ಎಲ್ಲಿ ಇಲ್ಲ? ಇಂಜಿನಿಯರುಗಳಿಗೆ ಇದು ಗೊತ್ತಿರಬೇಕು. ದಿನಾ ಓಡಾಡುವ ರೈತರಿಗಂತೂ ಚೆನ್ನಾಗಿ ಗೊತ್ತು. ಆದರೆ ಮದುವೆಗೋ ತಿಥಿಗೋ ಪರಸ್ಥಳದಿಂದ ರಾತ್ರಿ ಕಾರಿನಲ್ಲಿ ಬರುವವರಿಗೆ ಗೊತ್ತಾಗುವ ದಾರಿ ಯಾವುದು? ಅವರ ಫೋನಿನ ಮ್ಯಾಪಿಗೆ ನಾಲೆ ಏರಿಯ ದಾರಿಯೂ ಒಂದು ಗೆರೆ, ಊರೊಳಗಿನ ರಸ್ತೆಯೂ ಒಂದು ಗೆರೆ.

2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಬಸ್ಸೊಂದು ಈ ನಾಲೆಗೆ ಬಿದ್ದು 30 ಜನ ತೀರಿಕೊಂಡರು. ಸ್ಕೂಲು ಮುಗಿಸಿ ಮನೆಗೆ ಹೊರಟಿದ್ದ ಮಕ್ಕಳೂ ಅದರಲ್ಲಿದ್ದರು. ಆಮೇಲೂ ಕಾರುಗಳು ಬಿದ್ದಿವೆ. ನಕ್ಷೆ ಇದ್ದಿದ್ದರೆ ಬಸ್ಸು ಬೀಳುತ್ತಿರಲಿಲ್ಲ ಅಂತ ನಾನು ಹೇಳುತ್ತಿಲ್ಲ. ಗೋಡೆಯ ಕೆಲಸವನ್ನು ಗೋಡೆಯೇ ಮಾಡಬೇಕು. ಆದರೆ ಗೋಡೆ ಎಲ್ಲಿ ಬೇಕು, ಇಲ್ಲಿವರೆಗೆ ಎಷ್ಟು ಕಟ್ಟಿದ್ದಾರೆ ಅನ್ನೋದನ್ನು ಜನ ನೋಡಿ ಕೇಳಬೇಕಾದರೆ ಅದು ಎಲ್ಲರ ಕಣ್ಣಿಗೂ ಬೀಳುವ ನಕ್ಷೆಯ ಮೇಲೆ ಇರಬೇಕು, ಅಲ್ವಾ?

ನಾನು ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ನಕ್ಷೆಗೆ ಬಿಡುವಿನ ಹೊತ್ತಿನಲ್ಲಿ ಕೆಲಸ ಮಾಡುವವನು. 2004ರಲ್ಲಿ ಬ್ರಿಟನ್ನಿನಲ್ಲಿ ಸ್ಟೀವ್ ಕೋಸ್ಟ್ ಎಂಬವರು ಇದನ್ನು ಶುರು ಮಾಡಿದರು. ಅಲ್ಲಿ ಸರ್ಕಾರಿ ಸರ್ವೆ ಸಂಸ್ಥೆಯ ನಕ್ಷೆಗಳು ತುಂಬಾ ಚೆನ್ನಾಗಿದ್ದವು. ಆದರೆ ಅವುಗಳ ಮಾಹಿತಿ ಬಳಸಲು ಜಾಸ್ತಿ ದುಡ್ಡು ಕೊಡಬೇಕಿತ್ತು, ನೂರೆಂಟು ಷರತ್ತು ಬೇರೆ. ಹಾಗಾದರೆ ನಾವೇ ಬರೆದುಕೊಳ್ಳೋಣ ಅಂತ ಜನ ಜಿಪಿಎಸ್ ಹಿಡಿದು ಬೀದಿಗಿಳಿದರು. ಇವತ್ತು ಇಡೀ ಜಗತ್ತಿನ ನಕ್ಷೆ ಹೀಗೇ ಬೆಳೆಯುತ್ತಿದೆ. ಯಾರು ಬೇಕಾದರೂ ಬರೆಯಬಹುದು, ಯಾರು ಬೇಕಾದರೂ ಇಳಿಸಿಕೊಂಡು ಬಳಸಬಹುದು. ಎಲ್ಲಿಂದ ತಗೊಂಡಿರಿ ಅಂತ ಹೇಳಬೇಕು. ಅದರ ಮೇಲೆ ಕಟ್ಟಿದ ಮಾಹಿತಿಯನ್ನು ಹಂಚುವುದಾದರೆ ಅದೇ ಷರತ್ತಿನಲ್ಲಿ ಹಂಚಬೇಕು. ಮುಖ್ಯ ಷರತ್ತು ಇಷ್ಟೇ.

ಮಂಡ್ಯದಲ್ಲಿ ಈ ಕೆಲಸ ಹೇಗೆ ನಡೆಯುತ್ತದೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮೊದಲು ಉಪಗ್ರಹ ಚಿತ್ರ ನೋಡಿ ಗೆರೆ ಎಳೆಯುತ್ತೇವೆ. ನಾಲೆ, ಕೆರೆ, ರಸ್ತೆ, ಗದ್ದೆಯಂಚು ಎಲ್ಲ ಮನೆಯಲ್ಲೇ ಕೂತು ಬರೆಯಬಹುದು. ಕಷ್ಟ ಶುರುವಾಗುವುದು ಆಮೇಲೆ. ಮೇಲಿನಿಂದ ತೆಗೆದ ಚಿತ್ರದಲ್ಲಿ ನಾಲೆಯಂಚಿನ ಗಿಡಗಂಟಿ ಕಾಣುತ್ತದೆ, ಅದರ ಕೆಳಗೆ ಮೊಣಕಾಲೆತ್ತರದ ಗೋಡೆ ಇದೆಯೋ ಇಲ್ಲವೋ ಕಾಣುವುದಿಲ್ಲ. ಸೇತುವೆ ಕಾಣುತ್ತದೆ, ಅದರ ಮೇಲೆ ಕಬ್ಬು ತುಂಬಿದ ಟ್ರ್ಯಾಕ್ಟರ್ ಹೋಗಬಹುದಾ ಅನ್ನೋದು ಕಾಣುವುದಿಲ್ಲ. ತೂಬು ಯಾವ ಊರಿನದು, ಈ ಸೀಳು ನಾಲೆ ಎಲ್ಲಿಗೆ ಹೋಗಿ ಮುಗಿಯುತ್ತದೆ ಅಂತ ಚಿತ್ರ ಹೇಳುವುದಿಲ್ಲ. ಅದನ್ನು ಗದ್ದೆಗಳಿಗೆ ನೀರು ಹಂಚುವ ನೀರಗಂಟಿ ಹೇಳಬೇಕು. ಒಬ್ಬ ನೀರಗಂಟಿಯ ಹಿಂದೆ ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ನಡೆದರೆ ಸಿಗುವಷ್ಟು ವಿವರ ಯಾವ ಉಪಗ್ರಹದಿಂದಲೂ ಸಿಗುವುದಿಲ್ಲ.

ಊರುಗಳ ಹೆಸರಿನದೂ ಇದೇ ಕಥೆ. ಕಂದಾಯ ಗ್ರಾಮದ ಹೆಸರು ಎಲ್ಲ ಕಡೆ ಇರುತ್ತದೆ. ಅದರ ಮಗ್ಗುಲಿನ ಕೊಪ್ಪಲು, ದೊಡ್ಡಿ, ತೋಟದ ಮನೆಗಳ ಗುಂಪು ನಕ್ಷೆಯಲ್ಲಿ ಹೆಸರಿಲ್ಲದೆ ಬಿದ್ದಿರುತ್ತವೆ. ಜಿಲ್ಲೆಯಲ್ಲಿ ಹೊಸಹಳ್ಳಿಗಳು ಬೇರೆ ಒಂದೆರಡಲ್ಲ. 108ಕ್ಕೆ ಫೋನು ಮಾಡಿದವರು 'ಆಲೆಮನೆ ದಾಟಿ ಎಡಕ್ಕೆ ಬನ್ನಿ' ಅನ್ನುತ್ತಾರೆ. ಆಲೆಮನೆ ಎಲ್ಲಿದೆ ಅಂತ ಡ್ರೈವರಿಗೆ ಹೇಳುವವರು ಯಾರು?

'ದೊಡ್ಡ ಕಂಪನಿಯ ಮ್ಯಾಪ್ ಇದೆಯಲ್ಲ, ನಿಮ್ಮದೇಕೆ?' ಅಂತ ಹಲವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ. ಆ ಮ್ಯಾಪನ್ನು ನೋಡಬಹುದು, ಆದರೆ ಅದರ ಹಿಂದಿನ ಮಾಹಿತಿಯನ್ನು ಎತ್ತಿಕೊಂಡು ನಿಮ್ಮ ತಾಲ್ಲೂಕು ಕಚೇರಿ ತನಗೆ ಬೇಕಾದ ಹಾಗೆ ಬಳಸಲು ಬಿಡುವುದಿಲ್ಲ. ನಾಲೆಯ ತಡೆಗೋಡೆ ತೋರಿಸಬೇಕೋ ಬೇಡವೋ ಅಂತ ತೀರ್ಮಾನ ಮಾಡುವವರೂ ಅವರೇ. ಮುಕ್ತ ನಕ್ಷೆಯಲ್ಲಿ ಅದಕ್ಕೆ ಯಾರ ಅಪ್ಪಣೆಯೂ ಬೇಡ. ಫೋನಿಗೆ ಇಳಿಸಿಕೊಂಡರೆ ನೆಟ್‌ವರ್ಕ್ ಇಲ್ಲದ ಕಡೆಯೂ ತೆರೆಯುತ್ತದೆ.

ಯಾರು ಬೇಕಾದರೂ ಬರೆದರೆ ತಪ್ಪಾಗುವುದಿಲ್ಲವೇ? ಆಗುತ್ತದೆ. ಆದರೆ ಯಾವ ಖಾತೆಯಿಂದ, ಯಾವ ದಿನ, ಏನು ಬದಲಾಯಿತು ಎಂಬುದೆಲ್ಲ ದಾಖಲಾಗುತ್ತದೆ. ತಪ್ಪು ಕಂಡರೆ ಹಳೆಯದನ್ನು ವಾಪಸ್ ತರಬಹುದು. ನನ್ನ ಅನುಭವದಲ್ಲಿ ಕಿಡಿಗೇಡಿಗಳಿಗಿಂತ ದೊಡ್ಡ ತೊಂದರೆ ಅಂದರೆ ಬರೆಯುವವರೇ ಇಲ್ಲದಿರುವುದು.

2010ರ ಜನವರಿಯಲ್ಲಿ ಹೈಟಿ ದೇಶದಲ್ಲಿ ಭೂಕಂಪ ಆದಾಗ ಬೇರೆ ಬೇರೆ ದೇಶಗಳ ಸ್ವಯಂಸೇವಕರು ಕೆಲವೇ ದಿನಗಳಲ್ಲಿ ಅದರ ರಾಜಧಾನಿಯ ಬೀದಿಗಳನ್ನು ಬರೆದರು. ರಕ್ಷಣಾ ತಂಡಗಳು ಅದನ್ನೇ ಹಿಡಿದು ಕೆಲಸ ಮಾಡಿದವು. 2018ರ ಕೇರಳದ ಪ್ರವಾಹದಲ್ಲೂ ಜನ ಹೀಗೆ ಕೂತು ಬರೆದರು. ಅಷ್ಟು ದೂರ ಯಾಕೆ, ಕೆಆರ್‌ಎಸ್‌ನಿಂದ ಲಕ್ಷ ಕ್ಯುಸೆಕ್ ದಾಟಿ ನೀರು ಬಿಟ್ಟರೆ ಶ್ರೀರಂಗಪಟ್ಟಣದ ಸುತ್ತ ಏನಾಗುತ್ತದೆ ಅಂತ ನಿಮ್ಮ ಕಚೇರಿಗೆ ಯಾರೂ ಹೇಳಬೇಕಾಗಿಲ್ಲ. ಯಾವ ದಾರಿ ಮೊದಲು ಮುಳುಗುತ್ತದೆ ಅಂತ ಊರಿನ ಹಿರಿಯರಿಗೆ ಬಾಯಿಪಾಠ. ಅದನ್ನು ನೆರೆ ಬರುವ ಮೊದಲೇ ನಕ್ಷೆಗೆ ಹಾಕಿಕೊಳ್ಳಬಹುದು.

ಈಗ ನಮ್ಮ ತಕರಾರಿಗೆ ಬರುತ್ತೇನೆ. ಇದರಲ್ಲಿ ಎಷ್ಟೋ ಮಾಹಿತಿ ಸರ್ಕಾರದ ಬಳಿ ಆಗಲೇ ಇದೆ. ದಿಶಾಂಕ್ ಆ್ಯಪ್ ತೆರೆದರೆ ನಿಂತ ಜಾಗದ ಸರ್ವೆ ನಂಬರ್ ಸಿಗುತ್ತದೆ. ರಾಜ್ಯ ಸರ್ಕಾರದ ನಕ್ಷೆ ಜಾಲತಾಣವಾದ ಕೆ-ಜಿಐಎಸ್‌ನಲ್ಲಿ ಬಗೆಬಗೆಯ ನಕ್ಷೆಗಳಿವೆ. ನೋಡಬಹುದು, ಸಂತೋಷ. ಆದರೆ ನೋಡಿ ನಕಲು ಮಾಡಿಕೊಳ್ಳುವ ಹಾಗಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಸರ್ಕಾರ ಪ್ರಕಟಿಸಿದ ಕೃತಿಯ ಹಕ್ಕು 60 ವರ್ಷ ಸರ್ಕಾರದ್ದೇ. ಬಳಸಿಕೊಳ್ಳಿ ಅಂತ ಬರಹದಲ್ಲಿ ಕೊಡದ ಹೊರತು ನಾವು ಮುಟ್ಟುವುದಿಲ್ಲ. ಇದರಲ್ಲಿ ನಮ್ಮ ಬಳಗ ಬಲು ಕಟ್ಟುನಿಟ್ಟು, ಮಡಿ ಹೆಂಗಸರೂ ನಾಚಬೇಕು. ಹಾಗಾಗಿ ಸರ್ಕಾರ ಒಮ್ಮೆ ಅಳೆದ ನಾಲೆಯನ್ನೇ ನಾವು ಬಿಸಿಲಿನಲ್ಲಿ ಮತ್ತೆ ಅಳೆಯುತ್ತಿದ್ದೇವೆ. ಒಂದು ಕಚೇರಿಯಲ್ಲಿ ಕೇಳಿದಾಗ 'ಮ್ಯಾಪು ಹೊರಗೆ ಕೊಡೋ ಹಾಗಿಲ್ಲ, ಸೆಕ್ಯುರಿಟಿ' ಅಂದರು. ಕೇಂದ್ರ ಸರ್ಕಾರ 2021ರ ಫೆಬ್ರವರಿಯಲ್ಲೇ ಮಾರ್ಗಸೂಚಿ ಹೊರಡಿಸಿ, ಭಾರತೀಯರು ನಕ್ಷೆ ಮಾಡಲು ಮುಂಚಿತ ಅನುಮತಿ ಬೇಕೆಂಬ ಕಟ್ಟಳೆ ತೆಗೆದಿದೆ. ನಿಜವಾಗಿ ಗುಟ್ಟಾಗಿಡಬೇಕಾದ ಜಾಗಗಳಿದ್ದರೆ ಇಡಲಿ. ಅಣೆಕಟ್ಟೆಯ ಒಳವಿವರ ನಮಗೆ ಬೇಡ. ನಾಲೆಯಂಚಿನ ಗೋಡೆಯಲ್ಲಿ ಏನು ಗುಟ್ಟು?

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ ಕಾಲಿನ್ ಮೆಕೆಂಜಿ ಮೈಸೂರು ಸೀಮೆಯನ್ನೆಲ್ಲ ಸರ್ವೆ ಮಾಡಿಸಿದರು. ಆ ನಕ್ಷೆ ಆಳುವವರಿಗಾಗಿ ಮಾಡಿದ್ದು, ಬೀರುವಿನಲ್ಲಿ ಇಟ್ಟರೆ ಅರ್ಥವಿತ್ತು. ಈಗಲೂ ಅದೇ ಅಭ್ಯಾಸ ಯಾಕೆ ಅಂತ ಗೊತ್ತಿಲ್ಲ.

ನಮ್ಮ ಬೇಡಿಕೆ ದೊಡ್ಡದಲ್ಲ. ನಾಲೆ, ಅದರ ಶಾಖೆಗಳು, ತೂಬು, ಸೇತುವೆಗಳ ನಕ್ಷೆ ಬೇಕು. ತಡೆಗೋಡೆ ಕಟ್ಟಿರುವ ಮತ್ತು ಕಟ್ಟಬೇಕಾದ ಜಾಗಗಳ ಪಟ್ಟಿ ಬೇಕು. ಕೊಪ್ಪಲು, ದೊಡ್ಡಿಗಳೂ ಸೇರಿ ಎಲ್ಲ ಜನವಸತಿಗಳ ಹೆಸರು ಕನ್ನಡದಲ್ಲಿ ಬೇಕು. ಸ್ಕ್ಯಾನ್ ಮಾಡಿದ ಪಿಡಿಎಫ್ ದಯವಿಟ್ಟು ಬೇಡ, ಕಂಪ್ಯೂಟರ್ ಓದುವ ಕಡತವೇ ಕೊಡಿ. ಜೊತೆಗೆ 'ಓಪನ್‌ಸ್ಟ್ರೀಟ್‌ಮ್ಯಾಪ್‌ಗೆ ಸೇರಿಸಲು ಅನುಮತಿ ಇದೆ' ಎಂದು ನಿಮ್ಮ ರುಜು ಇರುವ ಒಂದು ಪತ್ರ. ನೀರಾವರಿಯವರು ಬೇರೆ, ಲೋಕೋಪಯೋಗಿಯವರು ಬೇರೆ, ಪಂಚಾಯಿತಿಯವರು ಬೇರೆ ಅಂತ ನಮಗೂ ಗೊತ್ತು. ಅದಕ್ಕೇ ನಿಮಗೆ ಬರೆಯುತ್ತಿರುವುದು. ಮೂವರನ್ನೂ ಒಂದೇ ಮೇಜಿಗೆ ಕರೆಯುವ ಅಧಿಕಾರ ಜಿಲ್ಲೆಯಲ್ಲಿ ನಿಮಗಿದೆ.

ದುಡ್ಡು ಬೇಡ. ಏಳೂ ತಾಲ್ಲೂಕು ಒಟ್ಟಿಗೆ ಬೇಡ, ಪಾಂಡವಪುರದಿಂದ ಶುರು ಮಾಡೋಣ. ಕಾಲೇಜು ಹುಡುಗ ಹುಡುಗಿಯರನ್ನು ನಾವು ಕರೆತರುತ್ತೇವೆ. ಗೊತ್ತಿರುವ ನೀರಗಂಟಿಗಳನ್ನೂ ಒಬ್ಬ ಇಂಜಿನಿಯರನ್ನೂ ನೀವು ಜೊತೆಗೆ ಕಳಿಸಿ. ದುರಸ್ತಿಗೆಂದು ನಾಲೆಗೆ ನೀರು ನಿಲ್ಲಿಸುವ ಹೊತ್ತಿಗೆ ಪತ್ರ ಸಿಕ್ಕರೆ, ಮತ್ತೆ ನೀರು ಬಿಡುವುದರೊಳಗೆ ಆ ತಾಲ್ಲೂಕಿನ ಏರಿಯನ್ನು ನಡೆದು ಮುಗಿಸಬಹುದು.

ಇಂತಿ,
ಮಂಡ್ಯದ ಒಬ್ಬ ನಕ್ಷೆ ಸ್ವಯಂಸೇವಕ