ಸುನಾಮಿ ಎಂಬ ಪ್ರೇಮಗೀತೆ

ಪ್ರೀತಿಯ ಗೆಳೆಯಾ,

ಹೋದ ವಾರ ಫೋನಿನಲ್ಲಿ ನಾನು ಏನೋ ಗುನುಗುತ್ತಿದ್ದೆ, ಯಾವ ಹಾಡು ಅದು ಎಂದು ನೀನು ಕೇಳಿದೆ. ಹೆಸರು ಹೇಳಿದ್ದೇ ತಡ, ನಕ್ಕುಬಿಟ್ಟೆ. 'ಪ್ರೇಮಗೀತೆಗೆ ಯಾರಾದರೂ ಸುನಾಮಿ ಅಂತ ಹೆಸರಿಡ್ತಾರಾ ಮಾರಾಯ?' ಅಂದೆ.

ಇಟ್ಟಿದ್ದಾರೆ ಕಣೋ. 2000ನೇ ಇಸವಿಯ ಜನವರಿಯಲ್ಲಿ. ಆಗ ನಮ್ಮೂರ ಕಡೆ ಆ ಪದ ಯಾರಿಗೆ ಗೊತ್ತಿತ್ತು ಹೇಳು? ನಾವು ಅದನ್ನು ಕಲಿತದ್ದು 2004ರ ಡಿಸೆಂಬರ್ 26ರಂದು, ಟಿವಿ ಮುಂದೆ ಕೂತು. ನಮಗೆ ಆ ಪದ ಬಂದದ್ದೇ ಹೆಣಗಳ ಜೊತೆ. ಆಮೇಲೆ ನಾವೇ ಅದನ್ನು ಸಡಿಲ ಮಾಡಿಕೊಂಡೆವು. ಚುನಾವಣೆ ಗೆದ್ದರೂ ಸುನಾಮಿ, ಈರುಳ್ಳಿ ಬೆಲೆ ಏರಿದರೂ ಸುನಾಮಿ. ಜಪಾನಿನಲ್ಲಿ ಆದದ್ದು ಇದರ ಉಲ್ಟಾ. ಅದನ್ನು ಹೇಳೋಕೇ ಈ ಪತ್ರ.

ಹಾಡಿದ್ದು ಸದರ್ನ್ ಆಲ್ ಸ್ಟಾರ್ಸ್ ಎಂಬ ಬ್ಯಾಂಡ್. ಟೋಕಿಯೊದ ಆವೊಯಾಮಾ ಗಾಕುಯಿನ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ್ದು. ಹಾಡು ಬರೆಯುವವನೂ ಹಾಡುವವನೂ ಕೇಸುಕೆ ಕುವಾತಾ, ಚಿಗಸಾಕಿ ಎಂಬ ಕಡಲೂರಿನವನು. ಕೀಬೋರ್ಡ್ ನುಡಿಸುವ ಯೂಕೊ ಹಾರಾಳನ್ನೇ 1982ರಲ್ಲಿ ಮದುವೆಯಾದ. 1978ರಲ್ಲಿ ಬಂದ ಇವರ ಮೊದಲ ಹಾಡಿನ ಹೆಸರೇ ಒಂದು ತಮಾಷೆ: ಆಗ ಓಡುತ್ತಿದ್ದ ಬೇರೆಯವರ ಎರಡು ಹಾಡುಗಳ ಹೆಸರನ್ನು ಕತ್ತರಿಸಿ ಅಂಟಿಸಿದ್ದು. ಇವರದು ಕಾಮಿಡಿ ತಂಡ ಅಂತಲೇ ತುಂಬಾ ಜನ ಅಂದುಕೊಂಡಿದ್ದರಂತೆ. ಮರುವರ್ಷ ಮಾರ್ಚ್‌ನಲ್ಲಿ 'ಇತೋಶಿ ನೋ ಎಲ್ಲಿ' ಬಂತು. ನಿಧಾನವಾದ, ಗಂಟಲು ಕಟ್ಟಿಸುವ ಹಾಡು. ಅಲ್ಲಿಗೆ ನಗು ನಿಂತಿತು. 1989ರಲ್ಲಿ ಅಮೆರಿಕದ ಗಾಯಕ ರೇ ಚಾರ್ಲ್ಸ್ ಅದನ್ನೇ ಇಂಗ್ಲಿಷಿನಲ್ಲಿ ಹಾಡಿದ, ಒಂದು ವಿಸ್ಕಿ ಜಾಹೀರಾತಿಗೆ. (ಎಲ್ಲಿ ಅನ್ನೋದು ಹುಡುಗಿಯ ಹೆಸರು. ನನ್ನ ಕನ್ನಡದ ಕಿವಿಗೆ ಮಾತ್ರ ಅವನು 'ಎಲ್ಲಿ, ಎಲ್ಲಿ' ಎಂದು ಹುಡುಕುತ್ತಿರುವ ಹಾಗೇ ಕೇಳಿಸುತ್ತದೆ. ಹಾಡಿಗೆ ಅದೂ ಒಪ್ಪುತ್ತದೆ, ಬಿಡು.)

ಕುವಾತಾ ಹಾಡುವ ರೀತಿ ವಿಚಿತ್ರ. ಜಪಾನಿ ಮಾತನ್ನೇ ಇಂಗ್ಲಿಷಿನ ಹಾಗೆ ಬಾಯಲ್ಲಿ ಹೊರಳಿಸುತ್ತಾನೆ, ಅರ್ಧ ನುಂಗುತ್ತಾನೆ. 'ನಮಗೂ ಸಾಹಿತ್ಯ ನೋಡದೆ ಗೊತ್ತಾಗಲ್ಲ' ಎಂದು ನನ್ನ ಆಫೀಸಿನವರೇ ನಗುತ್ತಾರೆ. 'ಸುನಾಮಿ'ಯಲ್ಲಿ ಮಾತ್ರ ಅಷ್ಟು ಆಟವಿಲ್ಲ. ಒಬ್ಬ ಅಂಜುಬುರುಕ ಹುಡುಗ. ಅವಳ ಕಣ್ಣಿಗೆ ಕಣ್ಣು ಸೇರಿದರೆ ಬಾಯಿಂದ ಮಾತೇ ಹೊರಡದು. ಒಂಟಿತನ ಸುನಾಮಿಯ ಹಾಗೆ ಏರಿ ಬರುತ್ತದೆ ಎನ್ನುತ್ತಾನೆ. ಅಷ್ಟೇ. ಇಡೀ ಹಾಡಿನಲ್ಲಿ ಸಮುದ್ರ ಯಾರನ್ನೂ ಕೊಲ್ಲುವುದಿಲ್ಲ. 30 ಲಕ್ಷದ ಹತ್ತಿರ ಪ್ರತಿಗಳು ಮಾರಾಟವಾದವು. ಆ ವರ್ಷದ ಜಪಾನ್ ರೆಕಾರ್ಡ್ ಪ್ರಶಸ್ತಿಯೂ ಇದಕ್ಕೇ.

ಆಮೇಲೆ 2011ರ ಮಾರ್ಚ್ 11. ಮಧ್ಯಾಹ್ನ 2.46ಕ್ಕೆ ಭೂಮಿ ನಡುಗಿತು, ಹಿಂದೆಯೇ ನೀರು ಬಂತು. ಸತ್ತವರು, ಸಿಗದೇ ಹೋದವರು ಸೇರಿ 18 ಸಾವಿರ ದಾಟಿದರು. ಮರುದಿನದಿಂದ ಈ ಹಾಡು ರೇಡಿಯೊದಿಂದ ಮಾಯ. ಸರ್ಕಾರ ನಿಷೇಧ ಹಾಕಿದ್ದಲ್ಲ. ಇಲ್ಲಿ 'ಜಿಶುಕು' ಅಂತ ಒಂದು ಪದವಿದೆ. ಯಾರೂ ಹೇಳದೆ ತಾವಾಗಿಯೇ ಕೈ ಹಿಂದೆಗೆಯುವುದು. ಕುವಾತಾ ಆಗಷ್ಟೇ ಅನ್ನನಾಳದ ಕ್ಯಾನ್ಸರ್ ಆಪರೇಷನ್ ಮುಗಿಸಿ ಎದ್ದಿದ್ದ. ಆ ಸೆಪ್ಟೆಂಬರಿನಲ್ಲಿ, ನೀರು ನುಗ್ಗಿದ್ದ ಮಿಯಾಗಿ ಪ್ರಾಂತ್ಯದ ರಿಫು ಎಂಬಲ್ಲಿ ಹಾಡಿದ. ಕೆಲವೇ ತಿಂಗಳ ಹಿಂದೆ ಶವಗಳನ್ನು ಇಟ್ಟಿದ್ದ ಒಳಾಂಗಣ ಅದು. ಅಲ್ಲಿ ಈ ಹಾಡನ್ನು ಹಾಡಲಿಲ್ಲ. 2013ರಲ್ಲಿ ಬ್ಯಾಂಡ್ ಮತ್ತೆ ಒಂದಾಗಿ ಮಿಯಾಗಿಗೇ ಬಂದಾಗಲೂ ಹಾಡಲಿಲ್ಲ.

ಇದೆಲ್ಲ ನನಗೆ ಗೊತ್ತಾದದ್ದು ಒಂದು ಎಡವಟ್ಟಿನಿಂದ. ಆಗ ನಾನು ಜಪಾನಿಗೆ ಹೊಸಬ. ಡಿಸೆಂಬರಿನ ಆಫೀಸ್ ಪಾರ್ಟಿ ಮುಗಿಸಿ ಎಂಟು ಜನ ಕರೋಕೆಗೆ ಹೋಗಿದ್ದೆವು. ಬೆಂಕಿಪೆಟ್ಟಿಗೆಯಂಥ ರೂಮು, ಮೇಜಿನ ಮೇಲೆ ಕರಿದ ಕೋಳಿ, ತಣ್ಣಗಾದ ಆಲೂಗಡ್ಡೆ. ನನ್ನ ಸರದಿ ಬಂತು. ಎರಡು ವಾರ ಸ್ನಾನದ ಮನೆಯಲ್ಲಿ ಅಭ್ಯಾಸ ಮಾಡಿದ್ದ ಹಾಡನ್ನೇ ಒತ್ತಿದೆ. ಪರದೆ ಮೇಲೆ ಹೆಸರು ಬಂತು. ರೂಮು ಗಪ್‌ಚುಪ್. ಪಕ್ಕದಲ್ಲಿದ್ದವಳು ನಗುತ್ತಲೇ ಕೈ ಚಾಚಿ ನಿಲ್ಲಿಸಿಬಿಟ್ಟಳು. 'ಇದು ಇನ್ನೊಂದು ದಿನ' ಅಂದಳು. 'ಎಲ್ಲಿ' ಹಾಕಿದರು. ನಾನು ಹೇಗೋ ಹಾಡಿ ಮುಗಿಸಿದೆ. ಮುಖವೆಲ್ಲ ಬೆವರು.

ಹೊರಗೆ ಬಂದು ಶೂ ಕಟ್ಟುತ್ತಿದ್ದೆ. ನಮ್ಮಲ್ಲೇ ಹಿರಿಯರೊಬ್ಬರು ಹತ್ತಿರ ಬಂದರು. ಮಿಯಾಗಿ ಕರಾವಳಿಯವರು. ಯಾಕೆ ನಿಲ್ಲಿಸಿದರೆಂದು ಆಗ ಹೊಳೆಯಿತು. ಕ್ಷಮೆ ಕೇಳಲು ಬಾಯಿ ತೆರೆದೆ. ಅವರು ಬೇಡ ಅಂತ ಕೈಯಾಡಿಸಿದರು.

'ನನ್ನ ಮದುವೆಯಲ್ಲಿ ಹಾಕಿದ್ದ ಹಾಡು ಅದು,' ಅಂದರು. 'ನನಗಾಗಿ ಅಂತ ಎಲ್ಲರೂ ನಿಲ್ಲಿಸುತ್ತಾರೆ. ಕೇಳಬೇಕೋ ಬೇಡವೋ ಅಂತ ನನ್ನನ್ನು ಮಾತ್ರ ಯಾರೂ ಕೇಳುವುದಿಲ್ಲ.'

ಬೇಸರದಿಂದ ಹೇಳಿದ್ದಲ್ಲ. ಕೊಡೆ ಬಿಚ್ಚಿ ಸ್ಟೇಷನ್ ಕಡೆ ನಡೆದರು. ನನಗೆ ಆ ಹುಡುಗಿ ಮಾಡಿದ್ದೂ ತಪ್ಪು ಅನ್ನಿಸಲಿಲ್ಲ. ಅವಳ ಜಾಗದಲ್ಲಿ ನಾನಿದ್ದರೂ ನಿಲ್ಲಿಸುತ್ತಿದ್ದೆನೇನೋ. ಆದರೂ ಅವರ ಮಾತು ಕಿವಿಯಿಂದ ಹೋಗಿಲ್ಲ. ಹಾಡು ಅವರದು, ಊರು ಅವರದು, ತೀರ್ಮಾನ ಮಾತ್ರ ನಮ್ಮದು.

ಹೋದ ಭಾನುವಾರ ಚಿಗಸಾಕಿಗೆ ಹೋಗಿದ್ದೆ, ಸುಮ್ನೆ. ಟೋಕಿಯೊದಿಂದ ರೈಲಿನಲ್ಲಿ ಒಂದು ಗಂಟೆ. ಸ್ಟೇಷನ್ನಿನಲ್ಲಿ ರೈಲು ಹೊರಡುವಾಗ ಈ ಬ್ಯಾಂಡಿನದೇ ಬೇರೊಂದು ಹಾಡಿನ ನಾಲ್ಕು ಸ್ವರ ಬಾರಿಸುತ್ತಾರೆ. ಬೀಚಿಗೆ ಹೆಸರೇ ಸದರ್ನ್ ಬೀಚ್. ದೂರದಲ್ಲಿ ಟೊಪ್ಪಿಗೆಯಂಥ ಒಂದು ಬಂಡೆ, ಮೋಡವಿಲ್ಲದಿದ್ದರೆ ಫ್ಯೂಜಿ ಬೆಟ್ಟ. ನನಗೆ ಕಂಡದ್ದು ಮೋಡ. ಮರಳಿನ ಮೇಲೆ ಕೂತು ಇಯರ್‌ಫೋನ್ ಹಾಕಿಕೊಂಡು 'ಸುನಾಮಿ' ಕೇಳಿದೆ. ಎದುರಿಗೇ ಸಮುದ್ರ. ಎರಡನೇ ಸಲ ಕೇಳಲಾಗಲಿಲ್ಲ.

ನೀನು ಮೊದಲು 'ಎಲ್ಲಿ' ಕೇಳು, ಆಮೇಲೆ ರೇ ಚಾರ್ಲ್ಸ್ ಹಾಡಿದ್ದು, ಕೊನೆಗೆ ಇದು. ಕೇಳಿ ಫೋನ್ ಮಾಡು. ರಾತ್ರಿ ಹತ್ತರ ಮೇಲೆ ಮಾತ್ರ ಬೇಡ ಮಾರಾಯ, ನಮಗಾಗ ಒಂದೂವರೆ.

ನಿನ್ನ ಗೆಳೆಯ