ಬಾಟಲಿ ತೊಳೆದವರಿಗೆ ಮೊದಲ ನಮಸ್ಕಾರ

ರಾಷ್ಟ್ರೀಯ ಉದ್ಯಾನದ ತೊರೆಗಳಲ್ಲಿ ಪದವಿ ವಿದ್ಯಾರ್ಥಿಗಳಿಗೆಂದು ನಡೆದ ಬೇಸಿಗೆ ಸಂಶೋಧನಾ ತರಬೇತಿ ಮುಗಿದಿದೆ. ಸಮಾರೋಪದಲ್ಲಿ ಹಾರ ಹಾಕಿಸಿಕೊಂಡವರಿಗೆ ಅಲ್ಲೇ ವಂದನೆ ಸಂದಿದೆ. ಪುಸ್ತಕದಲ್ಲಿ ಬರೆದಿಟ್ಟ ಅಂಕಿಗಳನ್ನು ಇವತ್ತು ನಂಬಬಹುದಾದರೆ ಅದು ಯಾರ ದೆಸೆಯಿಂದ ಎಂಬುದನ್ನು ಇಲ್ಲಿ ಹೇಳಬೇಕಿದೆ.

ಮೊದಲನೆಯವರು ಬಾಟಲಿ ತೊಳೆದವರು. ತೊರೆಯ ನೀರಿನಲ್ಲಿ ಫಾಸ್ಫೇಟ್ (ಪಾಚಿಗೆ ಗೊಬ್ಬರವಾಗುವ ಲವಣ) ಎಷ್ಟಿದೆ ಎಂದು ನೋಡುವ ಪರೀಕ್ಷೆಯ ಬಾಟಲಿಗೆ ಮಾಮೂಲಿ ಸೋಪು ತಾಗಿಸುವಂತಿಲ್ಲ, ಸೋಪಿನಲ್ಲೇ ಫಾಸ್ಫೇಟ್ ಇರಬಹುದು. ಶೇ. 10ರ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ನೆನೆಸಿ, ಡಿಸ್ಟಿಲ್ಡ್ ನೀರಿನಲ್ಲಿ ಕನಿಷ್ಠ ಮೂರು ಸಲ ಜಾಲಾಡಿಸಿ, ಒಣಗಿದ ಮೇಲೆ ಮುಚ್ಚಳ ಬಿಗಿಯಬೇಕು. ಇದು ಸರಿಯಾಗಿದೆಯೇ ಎಂದು ತಿಳಿಯಲು ‘ಫೀಲ್ಡ್ ಬ್ಲಾಂಕ್’ ಇದೆ: ಡಿಸ್ಟಿಲ್ಡ್ ನೀರನ್ನೇ ತೊರೆಯ ದಡಕ್ಕೆ ಹೊತ್ತು, ಅಲ್ಲಿ ಮಾದರಿ ಬಾಟಲಿಗೆ ಸುರಿದು, ಉಳಿದವುಗಳ ಜೊತೆಗೇ ಲ್ಯಾಬಿಗೆ ತರುವುದು. ಅದರಲ್ಲಿ ಫಾಸ್ಫೇಟ್ ಸಿಕ್ಕರೆ ಆ ದಿನದ ಅಂಕಿಗಳೆಲ್ಲ ಅನುಮಾನಕ್ಕೆ ಬೀಳುತ್ತವೆ. ಬರೀ ನೀರಿನ ಬಾಟಲಿಯನ್ನು ಗುಡ್ಡ ಹತ್ತಿಸುವುದೇಕೆ ಎಂದು ಮೊದಲ ವಾರ ಗೊಣಗದವರಿಲ್ಲ. ಗೊಣಗುತ್ತಲೇ ಹೊತ್ತವರಿಗೂ ಧನ್ಯವಾದ.

ಉದ್ಯಾನದ ಸಿಬ್ಬಂದಿಯ ಋಣ ಬೇರೆ ಥರದ್ದು. ತೊರೆಯಲ್ಲಿ ಮಾದರಿ ತೆಗೆಯುವಾಗ ಕೆಳಗಿನ ತಾಣ ಮೊದಲು, ಮೇಲಿನದು ಆಮೇಲೆ. ತಿರುಗುಮುರುಗಾದರೆ ಮೇಲೆ ಇಳಿದ ಕಾಲುಗಳು ಎಬ್ಬಿಸಿದ ಕೆಸರು ಕೆಳಗಿನ ಬಾಟಲಿ ಸೇರುತ್ತದೆ. ದಾರಿ ಸುತ್ತಾದರೂ ಅವರು ಇದೇ ಕ್ರಮದಲ್ಲಿ ಕರೆದೊಯ್ದರು, ಅದೂ ಪ್ರತಿ ತಾಣಕ್ಕೂ ಪ್ರತಿ ಸಲ ಅದೇ ಹೊತ್ತಿಗೆ. ಹೊತ್ತಿನ ಲೆಕ್ಕ ಸಣ್ಣದಲ್ಲ. ಹಗಲು ಪಾಚಿ ಆಮ್ಲಜನಕ ಬಿಡುತ್ತದೆ, ರಾತ್ರಿಯಿಡೀ ಎಲ್ಲವೂ ಉಸಿರಾಡಿ ಅದನ್ನು ಬಳಸುತ್ತವೆ. ಹಾಗಾಗಿ ಬೆಳಗಿನ ಜಾವದ ಅಂಕಿಯನ್ನೂ ಮಧ್ಯಾಹ್ನದ ಅಂಕಿಯನ್ನೂ ಪಕ್ಕಪಕ್ಕ ಇಟ್ಟರೆ ಅರ್ಥವಿಲ್ಲ.

ಕರಗಿದ ಆಮ್ಲಜನಕಕ್ಕೆ ಮೀಟರ್ ಇದ್ದೂ, ಅದನ್ನು ರಾಸಾಯನಿಕಗಳಿಂದ ಅಳೆಯುವ ವಿಂಕ್ಲರ್ ವಿಧಾನ ಕಲಿಸಿದ ಲ್ಯಾಬಿನವರನ್ನು ನೆನೆಯದಿದ್ದರೆ ತಪ್ಪಾದೀತು. 1888ರ ವಿಧಾನವಾದರೂ ಮೀಟರ್ ಸುಳ್ಳು ಹೇಳುತ್ತಿದೆಯೇ ಎಂದು ನೋಡಲು ಇಂದಿಗೂ ಬೇಕು. 300 ಮಿ.ಲೀ. ಬಾಟಲಿಯಲ್ಲಿ ಒಂದು ಗುಳ್ಳೆ ಉಳಿದರೂ ಗಾಳಿಯ ಆಮ್ಲಜನಕ ಸೇರಿ ಅಂಕಿ ಏರುತ್ತದೆ. ರಾಸಾಯನಿಕ ಹಾಕಿದಾಗ ನೀರಿನ ಆಮ್ಲಜನಕ ಸೇರಿ ಏಳುವ ಕಂದು ಗಸಿ ಚೆನ್ನಾಗಿ ತಳಕ್ಕಿಳಿಯುವವರೆಗೆ ಕಾಯಬೇಕು. ಗಸಿ ಬೆಳ್ಳಗಿದ್ದರೆ ನೀರಲ್ಲಿ ಆಮ್ಲಜನಕವೇ ಇಲ್ಲವೆಂದರ್ಥ. ಆಮೇಲೆ ಆಮ್ಲ ಹಾಕಿದರೆ ಗಸಿ ಕರಗಿ, ಇದ್ದ ಆಮ್ಲಜನಕಕ್ಕೆ ತಕ್ಕಷ್ಟು ಅಯೋಡಿನ್ ಹೊರಬರುತ್ತದೆ; ಅದರ ಬಣ್ಣ ಹೋಗುವವರೆಗೆ ಥಯೋಸಲ್ಫೇಟ್ ದ್ರಾವಣವನ್ನು ಹನಿಹನಿಯಾಗಿ ಬಿಡಬೇಕು. ಪಿಷ್ಟದ ದ್ರಾವಣವನ್ನು ಬಣ್ಣ ಒಣಹುಲ್ಲಿನಷ್ಟು ತಿಳಿಹಳದಿಯಾದ ಮೇಲೆಯೇ ಹಾಕಬೇಕು. ಅವಸರಪಟ್ಟರೆ ಅಯೋಡಿನ್ ಅದಕ್ಕೆ ಅಂಟಿಕೊಂಡು, ನೀಲಿ ಬಿಡದೆ ಸತಾಯಿಸುತ್ತದೆ. 200 ಮಿ.ಲೀ. ಮಾದರಿಗೆ 0.025 ನಾರ್ಮಲ್ (ಸಾಂದ್ರತೆಯ ಅಳತೆ) ಥಯೋಸಲ್ಫೇಟ್ ಬಳಸಿದರೆ, ಖರ್ಚಾದ ಪ್ರತಿ ಮಿ.ಲೀ.ಯೂ ಲೀಟರಿಗೆ 1 ಮಿ.ಗ್ರಾಂ. ಆಮ್ಲಜನಕ, ಲೆಕ್ಕಕ್ಕೆ ಬೆರಳೇ ಸಾಕು.

ತೊರೆಯಿಂದ ತಂದ ಹುಳುಗಳನ್ನು ಟ್ರೇ ಮುಂದೆ ಬಗ್ಗಿ ಕೂತು ಬೇರ್ಪಡಿಸಿದವರ ಕಣ್ಣಿಗೆ ದೊಡ್ಡ ನಮಸ್ಕಾರ. ಬಾಲ ಮೂರಿದ್ದರೆ ಮೇಫ್ಲೈ, ಎರಡಿದ್ದರೆ ಸ್ಟೋನ್‌ಫ್ಲೈ (ಎರಡೂ ನೀರಿನಲ್ಲಿ ಮರಿಯಾಗಿ ಬೆಳೆಯುವ ಕೀಟಗಳು) ಎಂಬ ಸುಲಭ ಪಾಠ ಇಲ್ಲೇ ಕೈಕೊಡುತ್ತದೆ. ಎರಡೇ ಬಾಲದ ಮೇಫ್ಲೈಗಳೂ ಉಂಟು, ಬಾಲ ಮುರಿದವೂ ಉಂಟು. ಲೆನ್ಸ್ ಹಿಡಿದು ಕಾಲಿನ ತುದಿ ನೋಡಬೇಕು: ಒಂದೇ ಉಗುರಿದ್ದರೆ ಮೇಫ್ಲೈ, ಎರಡಿದ್ದರೆ ಸ್ಟೋನ್‌ಫ್ಲೈ. ಹೀಗೆ ನೋಡಿ ತಮ್ಮ ಹಳೆಯ ಎಣಿಕೆಯನ್ನು ತಾವೇ ತಿದ್ದಿದ ವಿದ್ಯಾರ್ಥಿಗಳು, ತಪ್ಪನ್ನು ರಬ್ಬರಿನಿಂದ ಅಳಿಸದೆ ಒಂದೇ ಗೆರೆ ಎಳೆದು ಪಕ್ಕದಲ್ಲಿ ಸಹಿ ಹಾಕಿದರು. ಹಳೆಯ ಅಂಕಿ ಈಗಲೂ ಓದಲು ಬರುತ್ತದೆ.

ಹುಳುಗಳನ್ನು ಕೆಡದಂತೆ ಇಡುವ ಎಥನಾಲ್ ಬಾಟಲಿಯ ಒಳಗೆ ಹಾಕುವ ಚೀಟಿಗಳನ್ನೆಲ್ಲ ಪೆನ್ಸಿಲ್‌ನಲ್ಲೇ ಬರೆದವರಿಗೆ ಕೊನೆಯ ವಂದನೆ. ಪೆನ್ನಿನ ಶಾಯಿ ಎಥನಾಲಿನಲ್ಲಿ ಕರಗಿ, ಯಾವ ತೊರೆ, ಯಾವ ದಿನ ಎಂಬುದು ತಿಳಿಯದ ಹುಳುಗಳಷ್ಟೇ ಉಳಿಯುತ್ತವೆ. ನಮ್ಮ ಕಪಾಟಿನಲ್ಲಿ ಅಂಥ ಬಾಟಲಿ ಒಂದೂ ಇಲ್ಲ.