ಕಾಸರಗೋಡಿನಲ್ಲಿ ಉಳಿಯಿರಿ, ರೈಲಿನಲ್ಲಿ ಸುತ್ತಿರಿ

ಮಾನ್ಯರೇ,

ರಜೆ ಬಂತೆಂದರೆ ಬೆಂಗಳೂರು, ಮೈಸೂರು, ಹಾಸನದ ಕಡೆಯ ಕುಟುಂಬಗಳು ಬಾಡಿಗೆ ಕಾರು ಹಿಡಿದು ಮಂಗಳೂರು, ಉಡುಪಿ, ಮುರ್ಡೇಶ್ವರ ಎಂದು ಓಡುತ್ತವೆ. ಕೇರಳ ಗಡಿಯ ತಲಪಾಡಿ ದಾಟಿ ಇತ್ತ ಬರುವವರು ಕಡಿಮೆ. ಬಂದವರೂ ಬೇಕಲ ಕೋಟೆಯ ಮುಂದೆ ಫೋಟೊ ತೆಗೆಸಿಕೊಂಡು ಸಂಜೆಯೊಳಗೆ ಹಿಂದಿರುಗುತ್ತಾರೆ. ದಿನಕ್ಕೊಂದು ಊರಿನಲ್ಲಿ ಕೋಣೆ, ಪ್ರತಿದಿನ ಬೆಳಿಗ್ಗೆ ಗಂಟುಮೂಟೆ ಕಟ್ಟುವ ಗಡಿಬಿಡಿ, ಇವುಗಳಲ್ಲೇ ದುಡ್ಡೂ ರಜೆಯೂ ಕರಗುತ್ತವೆ. ಕಾಸರಗೋಡಿನಲ್ಲಿ ಮೂರು ನಾಲ್ಕು ರಾತ್ರಿ ಒಂದೇ ಕಡೆ ಉಳಿದು, ದಿನವೂ ರೈಲಿನಲ್ಲಿ ಹೋಗಿ ಬಂದು ಈ ನಾಡನ್ನು ನೋಡಿ ಎಂದು ಕನ್ನಡಿಗರನ್ನು ಕರೆಯಲು ಈ ಪತ್ರ ಬರೆಯುತ್ತಿದ್ದೇನೆ.

ಬೆಂಗಳೂರಿನಿಂದ ಕಣ್ಣೂರಿಗೆ ಹೋಗುವ ರಾತ್ರಿ ರೈಲು ಹತ್ತಿದರೆ ಬೆಳಿಗ್ಗೆ ನೇರವಾಗಿ ಕಾಸರಗೋಡಿನಲ್ಲೇ ಇಳಿಯಬಹುದು. ಆಮೇಲೆ ಮುಂಗಡ ಕಾದಿರಿಸುವ ತಾಪತ್ರಯವಿಲ್ಲ. ಪ್ಯಾಸೆಂಜರ್ ರೈಲಿನ ಕನಿಷ್ಠ ದರ 10 ರೂಪಾಯಿ, ಎಕ್ಸ್‌ಪ್ರೆಸ್‌ನ ಸಾಮಾನ್ಯ ಬೋಗಿಗೆ 30 ರೂಪಾಯಿ. ಐದು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಬೇಡ, ಹನ್ನೆರಡರೊಳಗಿನವರಿಗೆ ಅರ್ಧ. ಒಂದು ಎಚ್ಚರಿಕೆ ಮಾತ್ರ ಅಗತ್ಯ. ಪ್ಯಾಸೆಂಜರ್ ಟಿಕೆಟ್ ಹಿಡಿದು, ಮೊದಲು ಬಂತೆಂದು ಎಕ್ಸ್‌ಪ್ರೆಸ್ ಹತ್ತಿದರೆ ದಂಡ ತೆರಬೇಕಾಗುತ್ತದೆ. ಯಾವ ರೈಲೆಂದು ಕೌಂಟರಿನಲ್ಲೇ ಹೇಳಿ ಟಿಕೆಟ್ ಪಡೆಯಿರಿ.

ಕಾಸರಗೋಡಿನ ಮೂಲಕ ಹೋಗುವ ಈ ಹಳಿ ಮಂಗಳೂರು ತಲುಪಿದ್ದು 1907ರಲ್ಲಿ. ಕೆಳದಿ ನಾಯಕರು ಕಟ್ಟಿಸಿದ ಕೆಲವು ಕೋಟೆಗಳು ಇದರ ಆಸುಪಾಸಿನಲ್ಲೇ ಇವೆ: ಕುಂಬಳೆಯ ಆರಿಕ್ಕಾಡಿ, ಕಾಸರಗೋಡಿನ ಚಂದ್ರಗಿರಿ, ಬೇಕಲ, ಕಾಞಂಗಾಡಿನ ಹೊಸದುರ್ಗ. ದಕ್ಷಿಣಕ್ಕೆ ಹೋಗುವ ಪ್ಯಾಸೆಂಜರ್ ಕಾಸರಗೋಡು ಬಿಟ್ಟ ಸ್ವಲ್ಪ ಹೊತ್ತಿಗೆ ಚಂದ್ರಗಿರಿ ಹೊಳೆಯ ಸೇತುವೆ ದಾಟುತ್ತದೆ. ಆಗ ಬಲಗಡೆಯ ಕಿಟಕಿಯಲ್ಲಿ ಕುಳಿತವರಿಗೆ ಹೊಳೆ ಕಡಲಿಗೆ ಸೇರುವತ್ತ ಸಾಗುವುದು ಕಾಣುತ್ತದೆ. ಮುಂದೆ ಕಳನಾಡಿನ ಸುರಂಗ. ಅದನ್ನು ದಾಟಿ ಕೋಟಿಕುಳಂ ಕಳೆದರೆ ಬೇಕಲ ಕೋಟೆಯದೇ ಹೆಸರಿನ ನಿಲ್ದಾಣ. ಅಲ್ಲಿಂದ ಕೋಟೆಗೆ ನಡೆದೇ ಹೋಗಬಹುದು. ಕೋಟೆಯೊಳಗಿನ ವೀಕ್ಷಣಾ ಬುರುಜಿಗೆ ಮೆಟ್ಟಿಲುಗಳ ಬದಲು ಅಗಲವಾದ ಇಳಿಜಾರು ದಾರಿಯಿದೆ. ಮಂಡಿನೋವಿನ ಹಿರಿಯರೂ ಮೊಮ್ಮಕ್ಕಳ ಕೈಹಿಡಿದು ನಿಧಾನವಾಗಿ ಮೇಲೇರಬಹುದು.

ಉತ್ತರಕ್ಕೆ ಹೊರಟರೆ ಮೊದಲು ಕುಂಬಳೆ. ಯಕ್ಷಗಾನದ ಕವಿ ಪಾರ್ತಿಸುಬ್ಬನ ಊರೆಂದು ಹೆಸರಾದ ಊರದು. ಅಲ್ಲಿಂದ ಆಟೊ ಹಿಡಿದರೆ ಅನಂತಪುರದ ಕೆರೆಯ ನಡುವಿನ ದೇವಸ್ಥಾನ. 2022ರ ಅಕ್ಟೋಬರ್‌ನಲ್ಲಿ ಸತ್ತ ಮೊಸಳೆ ಬಬಿಯಾ ಇದ್ದ ಕೆರೆ ಅದೇ. ಇನ್ನೂ ಮುಂದೆ ಮಂಜೇಶ್ವರ. ಗೋವಿಂದ ಪೈಯವರು ಬಾಳಿ ಬರೆದ ಮನೆಯ ಆವರಣ ಈಗ ‘ಗಿಳಿವಿಂಡು’ ಎಂಬ ಸ್ಮಾರಕವಾಗಿದೆ. ಕಾವ್ಯದಲ್ಲಿ ಪ್ರಾಸದ ಕಟ್ಟನ್ನು ಬಿಡುವ ಧೈರ್ಯವನ್ನು 1911ರಲ್ಲೇ ಮಾಡಿದವರು ಅವರು. 1949ರಲ್ಲಿ ಮದ್ರಾಸ್ ಸರ್ಕಾರದಿಂದ ರಾಷ್ಟ್ರಕವಿ ಎನಿಸಿಕೊಂಡರು. ಶಾಲೆಯಲ್ಲಿ ಅವರ ಪದ್ಯ ಬಾಯಿಪಾಠ ಮಾಡಿದ ಪ್ರತಿಯೊಬ್ಬ ಕನ್ನಡಿಗನೂ ಒಮ್ಮೆ ಆ ಅಂಗಳದಲ್ಲಿ ನಿಲ್ಲಬೇಕೆಂಬುದು ನನ್ನ ಆಸೆ.

ನಸುಕಿನಲ್ಲಿ ಪರಶುರಾಮ್ ಎಕ್ಸ್‌ಪ್ರೆಸ್ ಹತ್ತಿದರೆ ತಿಂಡಿಯ ಹೊತ್ತಿಗೆ ಕಣ್ಣೂರು. ಪೋರ್ಚುಗೀಸರು 1505ರಲ್ಲಿ ಕಟ್ಟಿದ ಕೋಟೆ ನೋಡಿಕೊಂಡು, ಅಲ್ಲಿಂದ ತುಸು ದೂರದ ತಲಶ್ಶೇರಿಗೂ ಹೋಗಿ ಬನ್ನಿ. ಕನ್ನಡ ಪತ್ರಿಕೆಯ ಓದುಗರಿಗೆ ಅಲ್ಲೊಂದು ಮುಖ್ಯ ಜಾಗವಿದೆ. ಬಾಸೆಲ್ ಮಿಷನ್ನಿನ ಮೋಗ್ಲಿಂಗ್ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು 1843ರಲ್ಲಿ ಮಂಗಳೂರಿನಲ್ಲಿ ಕಲ್ಲಚ್ಚಿನಲ್ಲಿ ಹೊರಡಿಸಿದರು. ಅದೇ ಮಿಷನ್ನಿನ ಗುಂಡರ್ಟ್ 1847ರಲ್ಲಿ ಮಲಯಾಳದ ಮೊದಲ ಪತ್ರಿಕೆಯನ್ನು ತಲಶ್ಶೇರಿಯಲ್ಲಿ ಹೊರತಂದರು. ಅವರ ಬಂಗಲೆ ಅಲ್ಲಿಯ ಇಲ್ಲಿಕುನ್ನಿನಲ್ಲಿದೆ. ಎರಡು ಭಾಷೆಗಳ ಪತ್ರಿಕೋದ್ಯಮ ಹುಟ್ಟಿದ ಊರುಗಳು ಒಂದೇ ರೈಲು ಮಾರ್ಗದಲ್ಲಿವೆ. ಕಾಸರಗೋಡು ಅವುಗಳ ನಡುವೆ ಇದೆ. ಒಂದು ದಿನ ಅತ್ತ, ಮರುದಿನ ಇತ್ತ ಹೋಗಿ ಎರಡನ್ನೂ ನೋಡಬಹುದು.

ರೈಲು ಬೇಡವಾದ ದಿನ ಊರಲ್ಲೇ ಇರಿ. ಮಧೂರು ದೇವಸ್ಥಾನ, ತಳಂಗರೆಯ ಮಾಲಿಕ್ ದೀನಾರ್ ಮಸೀದಿ, ಎಡನೀರು ಮಠ ಎಲ್ಲವೂ ಬಸ್ಸಿಗೆ ದಕ್ಕುತ್ತವೆ. ಸಂವಿಧಾನದ ಮೂಲ ರಚನೆಯನ್ನು ಕಾಯ್ದ 1973ರ ತೀರ್ಪಿಗೆ ಕಾರಣವಾದ ದಾವೆ ಹೂಡಿದ ಕೇಶವಾನಂದ ಭಾರತಿಯವರು ಎಡನೀರಿನ ಸ್ವಾಮಿಗಳಾಗಿದ್ದರೆಂಬುದು ನಮ್ಮ ಮಕ್ಕಳಿಗೆ ತಿಳಿದಿರಲಿ.

ಇಷ್ಟೆಲ್ಲ ಇದ್ದೂ ಜನ ಕಾರನ್ನೇ ಏಕೆ ಹಿಡಿಯುತ್ತಾರೆ? ಹೆಚ್ಚಿನ ಎಕ್ಸ್‌ಪ್ರೆಸ್ ರೈಲುಗಳು ಕುಂಬಳೆ, ಉಪ್ಪಳ, ಮಂಜೇಶ್ವರಗಳಲ್ಲಿ ನಿಲ್ಲುವುದಿಲ್ಲ. ಪ್ಯಾಸೆಂಜರ್ ರೈಲುಗಳು ಕಚೇರಿ, ಕಾಲೇಜಿಗೆ ಹೋಗುವವರನ್ನು ನೆಚ್ಚಿಕೊಂಡು ಬೆಳಿಗ್ಗೆ ಮತ್ತು ಸಂಜೆ ಓಡುತ್ತವೆ. ಅದು ನ್ಯಾಯವೇ. ಆದರೆ ಗಿಳಿವಿಂಡು ನೋಡಿ ಮುಗಿಸಿದ ಕುಟುಂಬ ನಡುಹಗಲಿನಲ್ಲಿ ಪ್ಲಾಟ್‌ಫಾರಂಗೆ ಬಂದರೆ, ಚಿಕ್ಕ ಮಕ್ಕಳನ್ನು ಕಟ್ಟಿಕೊಂಡು ಸಂಜೆಯವರೆಗೆ ಅಲ್ಲೇ ಕಾಯಲಾದೀತೇ? 2023ರಲ್ಲಿ ವಂದೇ ಭಾರತ್ ಬಂದಾಗ ನಾವೂ ಸಂಭ್ರಮಿಸಿದ್ದೇವೆ. ಆದರೆ ಹತ್ತು ರೂಪಾಯಿಯ ಪ್ರಯಾಣಿಕನಿಗೆ ಬೇಕಾದದ್ದು ಆ ರೈಲಲ್ಲ. ತಿರುವನಂತಪುರದ ಜನಶತಾಬ್ದಿ, ಆಲಪ್ಪುಳದ ಎಕ್ಸಿಕ್ಯೂಟಿವ್‌ನಂಥ ರೈಲುಗಳ ಓಟ ಕಣ್ಣೂರಿಗೇ ಮುಗಿಯುತ್ತದೆ. ಅವು ಕಾಸರಗೋಡಿನವರೆಗೆ ಬರಲಿ ಎಂಬುದು ಇಲ್ಲಿಯ ಜನರ ಹಳೆಯ ಬೇಡಿಕೆ.

ಪಾಲಕ್ಕಾಡ್ ರೈಲ್ವೆ ವಿಭಾಗದವರು ಮಂಗಳೂರು ಮತ್ತು ಕಣ್ಣೂರಿನ ನಡುವೆ, ಎಲ್ಲ ಸಣ್ಣ ನಿಲ್ದಾಣಗಳಲ್ಲೂ ನಿಲ್ಲುವ ಒಂದು ಪ್ಯಾಸೆಂಜರನ್ನು ನಡುಹಗಲಿಗೆ ಓಡಿಸಬೇಕು. ಮಂಜೇಶ್ವರ, ಉಪ್ಪಳ, ಕುಂಬಳೆ ನಿಲ್ದಾಣಗಳ ಹೊರಗೆ, ಬೀಗ ಹಾಕಿದ ಕೌಂಟರಿನ ಒಳಗಲ್ಲ, ವೇಳಾಪಟ್ಟಿ ಕನ್ನಡದಲ್ಲೂ ದೊಡ್ಡ ಅಕ್ಷರಗಳಲ್ಲಿ ಕಾಣುವಂತಿರಬೇಕು. ನಮ್ಮ ಸಂಸದರೂ ದಕ್ಷಿಣ ಕನ್ನಡದ ಸಂಸದರೂ ಒಟ್ಟಾಗಿ ಈ ವಿಷಯವನ್ನು ರೈಲ್ವೆ ಸಚಿವರ ಮುಂದಿಡಬೇಕೆಂದು ಕೋರುತ್ತೇನೆ.

– ಓದುಗರೊಬ್ಬರು, ಕಾಸರಗೋಡು